ಸೀತಮ್ಮನ ಬಾಳೆಹಣ್ಣು

33 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಊರವರ ದುಡ್ಡು ಎಣಿಸಿದವನು ನಾನು. ಸಂಜೆಯ ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚು ಬಂದರೂ ರಾತ್ರಿ ಊಟ ಸೇರುತ್ತಿರಲಿಲ್ಲ. ಅಂಥವನಿಗೆ ಮೊನ್ನೆ ಐದನೇ ಕ್ಲಾಸಿನ ಲೆಕ್ಕದಲ್ಲಿ ನಾಲ್ಕಕ್ಕೆ ಒಂದು ಮಾರ್ಕು ಬಂತು. ನೋಟ್‌ಬುಕ್ಕು ಮೊಮ್ಮಗಳದ್ದೇ ಇರಬಹುದು, ಮಾರ್ಕು ನನ್ನದೇ.

ಲೆಕ್ಕ ಇಷ್ಟೇ. ಸೀತಮ್ಮ ಡಜನ್ನಿಗೆ 60 ರೂಪಾಯಿಯಂತೆ 4 ಡಜನ್ ಬಾಳೆಹಣ್ಣು ಕೊಂಡಳು. ಅದರಲ್ಲಿ 6 ಕೊಳೆತುಹೋದವು. ಉಳಿದವನ್ನು ತಲಾ 7 ರೂಪಾಯಿಗೆ ಮಾರಿದರೆ ಬಂದ ಲಾಭವೆಷ್ಟು? ಪೇಪರಿನಿಂದ ಕಣ್ಣು ತೆಗೆಯದೆ "54" ಅಂದೆ. ಅವಳು ಅಷ್ಟನ್ನೇ ಬರೆದಳು. ಮಾರನೇ ದಿನ ಪಕ್ಕದಲ್ಲಿ ಕೆಂಪು ಇಂಕು ಕೇಳಿತು: "ಹಂತಗಳೆಲ್ಲಿ?"

ಸರಿ, ಹಂತಹಂತವಾಗಿಯೇ ಹೋಗೋಣ ಎಂದು ಸಂಜೆ ಇಬ್ಬರೂ ಕೂತೆವು. 4 ಡಜನ್ ಅಂದರೆ 48 ಹಣ್ಣು. ಕೊಂಡ ಬೆಲೆ 240. ಎರಡನೇ ಹಂತಕ್ಕೆ ಕಾಲಿಡುವಷ್ಟರಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ ನನ್ನವಳು ಬಂದು ಕೂತಳು.

"ಈಗ ಯಾವೂರಲ್ಲಿ ಡಜನ್ ಲೆಕ್ಕದಲ್ಲಿ ಕೊಡ್ತಾರೆ? ಎಲ್ಲಾ ಕೆಜಿ. ದಿಂಡಿಗೂ ಸೇರಿಸಿ ದುಡ್ಡು ಕೀಳ್ತಾರೆ. ಏಲಕ್ಕಿ ಬಾಳೆಯೋ ಪಚ್ಚಬಾಳೆಯೋ ಅದನ್ನೂ ಹೇಳಿಲ್ಲ."

"ಲೆಕ್ಕಕ್ಕೆ ಅದು ಬೇಡ ಕಣೆ."

"ಬೇಡದೆ ಏನು? ಆರೂ ಪೂರ್ತಿ ಕೊಳೆತವಾ? ಕೆಟ್ಟದ್ದು ಕೊಯ್ದು ಬಿಸಾಕಿದ್ರೆ ಮಿಕ್ಕಿದ್ದು ರಸಾಯನಕ್ಕೆ ಆಗ್ತಿತ್ತು. ಅಷ್ಟು ಹಣ್ಣು ತಲೆ ಮೇಲೆ ಹೊತ್ಕೊಂಡು ಬಂದಳಾ ಪಾಪ? ಆಟೋದವನಿಗೆ ಎಷ್ಟು ಕೊಟ್ಟಳು?"

ನನ್ನ 54 ರೂಪಾಯಿ ಕಣ್ಣೆದುರೇ ಆಟೋ ಹತ್ತಿ ಹೊರಟುಹೋಯಿತು.

ಅವಳನ್ನು ಅಂದು ಪ್ರಯೋಜನವಿಲ್ಲ. ಚಿಕ್ಕಂದಿನಿಂದ ನನಗೂ ಇದೇ ರೋಗ. ಕೂಡಿ ಕಳೆಯುವುದರಲ್ಲಿ ತಕರಾರಿಲ್ಲ. ಲೆಕ್ಕದೊಳಗಿನ ಜನರ ಸಂಸಾರದೊಳಗೆ ಹೊಕ್ಕರೆ ಹೊರಗೆ ಬರಲಾಗುವುದಿಲ್ಲ. 8 ಆಳು 15 ದಿನದಲ್ಲಿ ಕಟ್ಟುವ ಗೋಡೆಗೆ 12 ಆಳಾದರೆ ಎಷ್ಟು ದಿನ? ವ್ಯಸ್ತ ತ್ರೈರಾಶಿ ಹಾಕಿ 10 ಎಂದರೆ ಮುಗಿಯಿತು. ನಾನೋ, ಹಾಗಿದ್ದರೆ 120 ಆಳು ಬಂದರೆ ಒಂದೇ ದಿನಕ್ಕೆ ಆಗುತ್ತದಲ್ಲ ಸಾರ್, ಆದರೆ ಅಷ್ಟು ಜನ ಆ ಗಿಡ್ಡ ಗೋಡೆಯ ಹತ್ತಿರ ನಿಲ್ಲುವುದೆಲ್ಲಿ ಎಂದು ಕೇಳಿದೆ. ಮೇಷ್ಟ್ರು ಬೆಂಚಿನ ಮೇಲೆ ಜಾಗ ತೋರಿಸಿದರು.

ನಮ್ಮಜ್ಜಿಗೆ ಈ ಹಂತಗಳ ಹಂಗೇ ಇರಲಿಲ್ಲ. ಬೆರಳಿಗೆ ಮೂರು ಗೆಣ್ಣು, ತುದಿ ಸೇರಿದರೆ ನಾಲ್ಕು. ನಾಲ್ಕು ಬೆರಳಿಗೆ ಹದಿನಾರು. ಹೆಬ್ಬೆರಳು ಎಣಿಸುವ ಗುಮಾಸ್ತ. ಅಂಗೈಯಲ್ಲಿ ಸರಿಯಾಗಿ ಒಂದು ರೂಪಾಯಿ, 16 ಆಣೆ! 1957ರ ಏಪ್ರಿಲ್ 1ರಂದು (ತಾರೀಖು ನೋಡಿ!) ರೂಪಾಯಿಗೆ 100 ನಯಾಪೈಸೆ ಎಂದಾಯಿತು, ಆಣೆಯೊಂದಕ್ಕೆ ಆರೂಕಾಲು ಪೈಸೆ ಬಿತ್ತು. ಆ ಕಾಲು ಪೈಸೆ ಅಜ್ಜಿಯ ಯಾವ ಗೆಣ್ಣಿನ ಮೇಲೂ ಕೂರಲೊಲ್ಲದು. ಅದಕ್ಕೆ ಆಕೆ ಕಂಡುಕೊಂಡ ದಾರಿ ಸುಲಭವಾದದ್ದು. ಸೊಪ್ಪಿನವಳಿಗೆ ಕಾಸು ಕೊಟ್ಟು, "ನನ್ನ ಕಾಲು ಪೈಸೆ ನಿನ್ನ ಹತ್ತಿರವೇ ಉಳೀತಲ್ಲೇ" ಎಂದು ನಾಲ್ಕೆಳೆ ಕೊತ್ತಂಬರಿಯನ್ನು ಕೊಸರು ಎತ್ತಿಕೊಳ್ಳುವುದು. ಸಾಯುವ ತನಕ ಆ ಕಾಲು ಪೈಸೆಯ ಸಾಲ ತೀರಲಿಲ್ಲ.

ಲೆಕ್ಕದ ನೆಪದಲ್ಲಿ ಕತೆಗೆ ಜಾರುವ ಚಟ ನಮ್ಮ ಮನೆಯದಷ್ಟೇ ಅಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಒಂದು ಮುತ್ತಿನ ಹಾರವನ್ನು ಹರಿಯುತ್ತಾರೆ. ಕಾರಣ ಪ್ರಣಯಕಲಹ. ಮೂರನೇ ಒಂದು ಪಾಲು ಮುತ್ತು ಅತ್ತ ಹೋಯಿತು, ಆರನೇ ಒಂದು ಪಾಲು ಹಾಸಿಗೆಯ ಮೇಲೆ ಬಿತ್ತು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಿ ಕೊನೆಗೆ 1161 ಉಳಿದವು. ಹಾರದಲ್ಲಿದ್ದದ್ದೆಷ್ಟು?

ಇದನ್ನು ಬಾಲದಿಂದ ಹಿಡಿಯಬೇಕು. 1161ನ್ನು ಆರು ಸಲ ಇಮ್ಮಡಿಸಿದರೆ 74,304. ಮೂರರಲ್ಲೊಂದು ಪಾಲೂ ಆರರಲ್ಲೊಂದು ಪಾಲೂ ಸೇರಿದರೆ ಅರ್ಧ, ಹಾಗಾಗಿ ಇನ್ನೊಂದು ಇಮ್ಮಡಿ. 1,48,608! ಮುತ್ತೊಂದಕ್ಕೆ ಕಾಲು ಗ್ರಾಂ ಎಂದರೂ 37 ಕೆಜಿ ದಾಟಿತು. ಹತ್ತಿರಹತ್ತಿರ ಒಂದೂವರೆ ಮೂಟೆ ಸೋನಾಮಸೂರಿಯನ್ನು ಕತ್ತಿಗೆ ನೇತುಹಾಕಿಕೊಂಡವಳು ಜಗಳವಾಡದೆ ಇನ್ನೇನು ಮಾಡಿಯಾಳು?

ಮೊಮ್ಮಗಳಿಗೆ ಹೇಳುವಾಗ ಪ್ರಣಯವನ್ನು ಬಿಟ್ಟು ಗಂಡ ಹೆಂಡಿರ ಜಗಳ ಎಂದಷ್ಟೇ ಹೇಳಿದೆ.

"ಯಾಕೆ ಜಗಳ ಅಜ್ಜಾ?"

"ಅದನ್ನ ಪ್ರಶ್ನೆಯಲ್ಲಿ ಕೊಟ್ಟಿಲ್ಲ."

"ಅಜ್ಜಿ ಕೇಳಿದ್ದೂ ಕೊಟ್ಟಿರಲಿಲ್ಲ. ಅವರು ಕೇಳಲಿಲ್ವಾ?"

ಉತ್ತರ ತೋಚದೆ ಸೀತಮ್ಮನಿಗೇ ವಾಪಸು ಬಂದೆ. 48ರಲ್ಲಿ 6 ಕಳೆದು 42. ಏಳರಿಂದ ಗುಣಿಸಿ 294. ಅದರಲ್ಲಿ 240 ಕಳೆದು 54. ಹಂತಗಳೆಲ್ಲ ಮೆಟ್ಟಿಲಿನಂತೆ ಒಂದರ ಕೆಳಗೊಂದು ಕೂತವು. ಬುಡದಲ್ಲಿ ಎರಡು ಗೆರೆಯನ್ನೂ ಎಳೆಸಿದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಮೂರು ಬಟ್ಟಲು ಬಂದವು. ದೇವರ ಮುಂದಿಟ್ಟು ಕಪ್ಪಗಾಗಿದ್ದ ಬಾಳೆಹಣ್ಣಿಗೆ ಬೆಲ್ಲ, ಕಾಯಿತುರಿ, ಒಂದಿಷ್ಟು ಏಲಕ್ಕಿ ಬಿದ್ದು ಘಮಘಮ ಎನ್ನುತ್ತಿತ್ತು. ಹುಡುಗಿ ಚಮಚ ನೆಕ್ಕುತ್ತಾ ನೋಟ್‌ಬುಕ್ಕನ್ನು ಮತ್ತೆ ಎಳೆದುಕೊಂಡಳು.

"ಅಜ್ಜಾ, ಇದನ್ನ ಯಾವ ಹಂತದಲ್ಲಿ ಬರೀಲಿ?"

"ಕೊನೇಲಿ ಕೊಸರು ಅಂತ ಬರಿ" ಎಂದೆ, ತಮಾಷೆಗೆ.

ಬರೆದೇಬಿಟ್ಟಳು.