ಲೆಕ್ಕ ಕೇಳುವವರು

(ಮಂಗಳೂರು ಕಡೆಯ ಒಂದು ಸಿ.ಎಸ್.ಐ. ಕ್ರೈಸ್ತ ಸಭೆ. ಆರಾಧನೆ ಮುಗಿದಿದೆ. ಸದಸ್ಯರೊಬ್ಬರು ಸಭಾಪಾಲಕರಾದ ಅಯ್ಯನವರ ಬಳಿ ಬಂದಿದ್ದಾರೆ. ಮುಂದಿನ ಭಾನುವಾರ ವಾರ್ಷಿಕ ಮಹಾಸಭೆ.)

ಸದಸ್ಯರು: ಅಯ್ಯನವರೇ, ಈ ಸಲ ಖಜಾಂಚಿಯ ಬೆವರಿಳಿಸ್ತೇನೆ. ಪೈಸೆ ಪೈಸೆಗೂ ಲೆಕ್ಕ ಬೇಕು!

ಅಯ್ಯನವರು: ಕೇಳಿ, ಅದು ನಿಮ್ಮ ಹಕ್ಕು. ಅಂದ ಹಾಗೆ, ನಿಮ್ಮ ಚಂದಾ ಎರಡು ವರ್ಷದಿಂದ ಬಾಕಿ ಉಂಟು.

ಸದಸ್ಯರು: ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ವಾಕ್ಯವೇ ಉಂಟಲ್ಲ!

ಅಯ್ಯನವರು: ಎಡಗೈಗೆ ಬೇಡ, ರಸೀದಿ ಪುಸ್ತಕಕ್ಕಾದರೂ ಗೊತ್ತಾಗಬೇಡವೇ? ಇರಲಿ. ದೂರಿದ್ದರೆ ಮತ್ತಾಯ 18ನೇ ಅಧ್ಯಾಯದ ಪ್ರಕಾರ ಮೊದಲು ಖಜಾಂಚಿಯೊಬ್ಬರಲ್ಲೇ ಹೇಳಬೇಕು, ಆಮೇಲೆ ಒಂದಿಬ್ಬರ ಮುಂದೆ, ಕೊನೆಗೆ ಸಭೆಗೆ.

ಸದಸ್ಯರು: ಎರಡು ಹಂತ ಆಯಿತು. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ, ಹೋಟೆಲಿನಲ್ಲಿ ಒಂದಿಬ್ಬರಿಗೆ ಹೇಳಿದೆ. ಖಜಾಂಚಿಯೊಬ್ಬರಲ್ಲಿ ಹೇಳುವುದು ಮಾತ್ರ ಬಾಕಿ.

ಅಯ್ಯನವರು: ಭಾನುವಾರ ಶಾಲೆಗೆ ಶಿಕ್ಷಕರು ಸಾಲುವುದಿಲ್ಲ. ನೀವು ಬರಬಹುದಾ?

ಸದಸ್ಯರು: ಪ್ರಾರ್ಥನೆ ಮಾಡಿ ಹೇಳ್ತೇನೆ.

ಅಯ್ಯನವರು: ಸಮಿತಿಯ ಚುನಾವಣೆಗೆ?

ಸದಸ್ಯರು: ನಾಮಪತ್ರ ನಿನ್ನೆಯೇ ಕೊಟ್ಟಾಯ್ತು. ಅದಕ್ಕೆಲ್ಲ ಪ್ರಾರ್ಥನೆ ಯಾಕೆ?

ಓದುಗರೇ, ಸಭೆಯ ಲೆಕ್ಕ ನೋಡಲು ಆಡಿಟರ್ ಇದ್ದಾರೆ. ಸದಸ್ಯರ ಲೆಕ್ಕವನ್ನು ಸದಸ್ಯರೇ ಬರೆದಿಡಬೇಕು. ಬಾಕಿ ಇರುವುದು ಹೆಚ್ಚಾಗಿ ಅಲ್ಲಿಯೇ.