ದೂರವೆಂಬ ನೆಪ

ಸಾನ್ ಫ್ರಾನ್ಸಿಸ್ಕೋದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಸುಮಾರು 14,000 ಕಿಲೋಮೀಟರು ದೂರವೆಂದೂ, ನಡುವೆ ಎಲ್ಲಿಯೂ ಇಳಿಯದೆ ಹಾರಿದರೆ 17 ಗಂಟೆಗಳ ಆಸುಪಾಸಿನ ಪಯಣವೆಂದೂ ಬಲ್ಲವರು ಲೆಕ್ಕ ಹಾಕಿರುವರು. ಈ ಎರಡು ಊರುಗಳು ಭೂಗೋಳದ ಹೆಚ್ಚುಕಡಮೆ ಎದುರುಬದುರು ಮಗ್ಗುಲುಗಳಲ್ಲಿ ಇರುವುದರಿಂದ, ಅತ್ಯಂತ ಸಮೀಪದ ಹಾದಿಯು ಉತ್ತರ ಧ್ರುವದ ನೆರೆಯಲ್ಲಿಯೇ ಹಾಯ್ದುಹೋಗುವುದು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಪ್ರಥಮ ನೇರ ವಿಮಾನವನ್ನು ಆ ಹಾದಿಯಲ್ಲಿ ಬೆಂಗಳೂರಿಗೆ ತಂದ ಚಾಲಕರೆಲ್ಲರೂ ಸ್ತ್ರೀಯರೇ ಎಂಬ ವಾರ್ತೆಯನ್ನು ಯಳಂದೂರಿನ ನಮ್ಮ ಸೋದರತ್ತೆಯವರಿಗೆ ನಿವೇದಿಸಿದಾಗ ಅವರು ಕಿಂಚಿತ್ತೂ ವಿಸ್ಮಯಗೊಳ್ಳದೆ, “ಹೆಂಗುಸ್ರು ಓಡ್ಸುದ್ರೆ ನಡುವೆ ಬೀಡಿ ಸೇದಕ್ಕೆ ಅಂತ ನಿಲ್ಸಲ್ಲ ಕನ ಮಗ, ಅದ್ಕೇ ನೆಟ್ಟಗೆ ಬಂದದ” ಎಂದರು.

ಗಂಟೆಗೆ 800 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಸಾಗಿಬಂದ ನಮ್ಮ ಕಡೆಯ ಹೊರನಾಡಿಗನು, ದೇವನಹಳ್ಳಿಯಿಂದ ಹನೂರಿಗೆ ಉಳಿದಿರುವ ಸುಮಾರು 200 ಕಿಲೋಮೀಟರುಗಳನ್ನು ಕ್ರಮಿಸಲು ಮೂರು ದಿನಗಳನ್ನು ವ್ಯಯಿಸುವನು. ಕನಕಪುರದಲ್ಲಿ ಷಡ್ಡಕನ ಮನೆಯ ಉಪ್ಪಿಟ್ಟು, ಮಳವಳ್ಳಿಯಲ್ಲಿ ಅತ್ತಿಗೆಯ ತವರಿನವರ ಊಟ, ಕೊಳ್ಳೇಗಾಲದಲ್ಲಿ ರೇಷ್ಮೆ ವ್ಯಾಪಾರದ ದೊಡ್ಡಪ್ಪನವರು ಒಂದೊಂದಾಗಿ ಬಿಡಿಸಿ ತೋರಿಸುವ ಸೀರೆಗಳು. ಗಂಟೆಗೆ ಮೂರು ಕಿಲೋಮೀಟರೂ ಬೀಳದ ಈ ಗತಿಗಿಂತ, ಶಿವರಾತ್ರಿಗೆಂದು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತರು ಎಷ್ಟೋ ಮುಂದಿರುವರು. ಇಷ್ಟರ ಮೇಲೆ ಯಳಂದೂರು ಕೊಳ್ಳೇಗಾಲದಿಂದ ಸುಮಾರು 15 ಕಿಲೋಮೀಟರು, ಅದೂ ಹನೂರಿನ ಹಾದಿಯಲ್ಲಲ್ಲ, ಬೇರೊಂದು ದಿಕ್ಕಿನಲ್ಲಿ. ಅಲ್ಲಿಗೆ ಬರಲಾಗದೆಂದು ವಿನಯದಿಂದ ಅರಿಕೆ ಮಾಡಿಕೊಂಡರೆ, ಅಮೆರಿಕದಿಂದ ಬಂದವನಿಗೆ ಇದೊಂದು ದೂರವೇ ಎಂಬ ಪ್ರಶ್ನೆ ಸಿದ್ಧವಾಗಿರುವುದು. ನಮ್ಮ ಬಂಧುವರ್ಗದ ನ್ಯಾಯಶಾಸ್ತ್ರದಲ್ಲಿ, ಸವೆಸಿದ ದಾರಿಯು ದಣಿವಿಗೆ ಕಾರಣವಲ್ಲ, ಸಾಮರ್ಥ್ಯಕ್ಕೆ ಸಾಕ್ಷಿ.

ಸೋದರತ್ತೆಯವರ ಮುಂದಂತೂ ವಿದೇಶದ ಹಿರಿಮೆ ನಡೆಯದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲವು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತಿದ್ದ ಯಳಂದೂರಾದರೋ ಮೈಸೂರಿನದು. ಆದುದರಿಂದ ಆ ಪುನರ್ವಿಂಗಡಣೆಗೆ ಮುನ್ನವೇ ಕೊಳ್ಳೇಗಾಲದಿಂದ ಯಳಂದೂರಿಗೆ ಸೊಸೆಯಾಗಿ ಹೋದ ಅವರು, ನಮ್ಮ ವಂಶದಲ್ಲಿ ಗಡಿ ದಾಟಿ ನೆಲಸಿದವರ ಪೈಕಿ ಪ್ರಥಮರೆಂಬ ಪದವಿಯನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಹಗಲಿರುಳುಗಳು ಅದಲುಬದಲಾಗಿ ಮಧ್ಯಾಹ್ನವೇ ತೂಕಡಿಸುತ್ತಿದ್ದ ನನ್ನನ್ನು ಕಂಡು, “ನಾನೂ ಪರರಾಜ್ಯದಲ್ಲೇ ಬಾಳ್ವೆ ಮಾಡ್ದೋಳು ಕನ ಮಗ. ಎತ್ತಿನ ಗಾಡೀಲಿ ಬಂದಾಗ ಕೂತ ಜಾಗಕ್ಕೇ ಊಟ ತಂದ್ಕೊಡೋರು ಯಾರೂ ಇರ್ನಿಲ್ಲ. ಎದ್ದು ಮುಖ ತೊಳ್ಕೊ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗ್ಬುಟ್ಟು ಬರಮ” ಎಂದು ಅಪ್ಪಣೆಯಿತ್ತರು.

ಮುಖ ತೊಳೆದು ಬರುವಷ್ಟರಲ್ಲಿ ಹನೂರಿನಿಂದ ಚಿಕ್ಕಪ್ಪನವರ ಫೋನು ಬಂದಿತು. ತಮ್ಮಲ್ಲಿಗೆ ಬರುವುದಕ್ಕೆ ಮೊದಲು ಯಳಂದೂರಿಗೆ ಹೋದುದೇಕೆಂಬುದು ಅವರ ಪ್ರಶ್ನೆ. ಕನಕಪುರದಲ್ಲಾಗಲಿ ಮಳವಳ್ಳಿಯಲ್ಲಾಗಲಿ ಉಪಚಾರಕ್ಕೆ ತಂಗದೆ ಆ ಸುದ್ದಿಯೊಂದು ಮಾತ್ರ ನೇರವಾಗಿ ಹೋಗಿ ತಲಪಿದ್ದಿತು.