ಟೆರಾಫ್ಲಾಪಿನ ಜಾತಕ, ಇಳಕಲ್ಲಿನ ಧೂಳು

ಹೊಸ ಗೇಮ್ ಕನ್ಸೋಲ್ ಅಂಗಡಿಗೆ ಬರುವ ಮೊದಲೇ ಅದರ ಚಿಪ್ಪಿನ ಜಾತಕ ಬರೆಯುವುದು ವಾಡಿಕೆ. ಫಲ ಕೂಡಿಬರುವುದು ಮಾತ್ರ ಕಡಿಮೆ. ಪ್ಲೇಸ್ಟೇಷನ್ 5ರ ಶಕ್ತಿ 13 ಟೆರಾಫ್ಲಾಪಿನ (ಚಿಪ್ಪು ಲೆಕ್ಕ ಮಾಡುವ ವೇಗದ ಅಳತೆ) ಆಸುಪಾಸು ಎಂದು ಗಾಳಿಸುದ್ದಿ ಹಬ್ಬಿತ್ತು. 2020ರ ಮಾರ್ಚಿನಲ್ಲಿ ಸೋನಿ ಹೇಳಿದ್ದು 10.28. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 12 ಎಂದು ಮೀಸೆ ತಿರುವಿತು. ಮುಂದಿನ ಯಂತ್ರಕ್ಕಾಗಿ ಸೋನಿ ಈಗ ಚಿಪ್ ಕಂಪನಿ ಎಎಂಡಿ ಜೊತೆ ಕೂತಿದೆ, ಊಹೆಗಾರರಿಗೆ ಮತ್ತೆ ಸುಗ್ಗಿ.

ಬಾಗಲಕೋಟೆ ಜಿಲ್ಲೆಗೆ ಬೇಕಾದ ಊಹೆಯೇ ಬೇರೆ: ಯಂತ್ರ ಇಲ್ಲಿನ ಬಿಸಿಲು, ಧೂಳು ತಡೆದೀತೇ? ಪ್ಲೇಸ್ಟೇಷನ್ 5ರ ಕೈಪಿಡಿ ಹೇಳುವ ಉಷ್ಣತೆಯ ಮಿತಿ 35 ಡಿಗ್ರಿ. ಮೇ ತಿಂಗಳಲ್ಲಿ ಬಾದಾಮಿಯ ನೆರಳೇ ಅದನ್ನು ದಾಟಿರುತ್ತದೆ. ಬಂಡೆಗಳ ಮಾತು ಬೇಡ. ಯಂತ್ರದ ಒಳಗೆ 12 ಸೆಂ.ಮೀ. ಫ್ಯಾನು, ಚಿಪ್ಪಿಗೆ ದ್ರವಲೋಹದ ಲೇಪ, ಧೂಳು ಹಿಡಿಯಲು ಎರಡು ಗೂಡು ಇವೆ, ನಿಜ. ಆದರೆ ಹುನಗುಂದ, ಇಳಕಲ್ಲ ಸುತ್ತ ಕೆಂಪು ಗ್ರಾನೈಟ್ ಕೊಯ್ಯುತ್ತಾರೆ. ಟೋಕಿಯೋದ ಧೂಳಿಗೆ ಗೂಡು ಸಾಕು, ಇಳಕಲ್ಲಿನದಕ್ಕೆ ಗೋದಾಮೇ ಬೇಕು.

ಹಳೆಯ ಕ್ಯಾಸೆಟ್ ಟಿವಿ ಗೇಮಿಗೆ ಈ ಚಿಂತೆ ಇರಲಿಲ್ಲ. ಅದಕ್ಕೆ ಫ್ಯಾನೇ ಇಲ್ಲ. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಸಿಕ್ಕಿಸಿದರೆ ಮಾರಿಯೋ ಓಡುತ್ತಿದ್ದ.